ವಿಕಲಚೇತನ ಮಗುನ ಸ್ಕೂಲಿಗೆ ಕಳಿಸೋ ಮುಂಚೆ: ಫಿಟ್ಸ್, ಬೆಂಕಿ, ಊಟ, ಟಾಯ್ಲೆಟ್‌ಗೆ ತಯಾರಿ ಮಾಡೋ ಪೂರ್ತಿ ಕ್ರಮ

ಪ್ರತಿ ಜೂನ್‌ನಲ್ಲೂ ಇದೇ ಆಗುತ್ತೆ. ಅಪ್ಪ ಅಮ್ಮ ದಪ್ಪ ಫೈಲ್ ಹಿಡ್ಕೊಂಡು ಹೆಡ್‌ಮಾಸ್ಟರ್ ರೂಮಿಗೆ ಹೋಗ್ತಾರೆ, ಎಂಆರ್‌ಐ ರಿಪೋರ್ಟು, ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸು, ಡಿಸ್ಚಾರ್ಜ್ ಸಮ್ಮರಿ ಎಲ್ಲಾ ಕೊಟ್ಟು "ಸಾರ್, ಸ್ವಲ್ಪ ನೋಡ್ಕೊಳ್ಳಿ" ಅಂತ ಕೈ ಮುಗಿದು ಬರ್ತಾರೆ. ಫೈಲ್ ಬೀರು ಸೇರುತ್ತೆ. ಆಮೇಲೆ ಯಾವತ್ತೋ ಒಂದು ಮಧ್ಯಾಹ್ನ ಕ್ಲಾಸಲ್ಲಿ ಮಗುಗೆ ಫಿಟ್ಸ್ ಬರುತ್ತೆ, ಆಗ ಅಲ್ಲಿರೋ ಟೀಚರ್‌ಗೆ ಅಂಥ ಫೈಲ್ ಇದೆ ಅನ್ನೋದೇ ಗೊತ್ತಿರಲ್ಲ, ಯಾರೋ ಬೀಗದ ಕೈ ತಂದು ಮುಷ್ಟಿಗೆ ಹಿಡಿಸ್ತಾರೆ, ಇನ್ಯಾರೋ ಹಲ್ಲಿನ ಮಧ್ಯೆ ಚಮಚ ತುರುಕ್ತಾರೆ, ಔಷಧಿ ಮಾತ್ರ ಮಗುವಿನ ಬ್ಯಾಗ್ ಒಳಗೇ ಇರುತ್ತೆ.

ಮಗುಗೆ ಯಾವ ಕಾಯಿಲೆ ಅಂತ ಸ್ಕೂಲಿಗೆ ಗೊತ್ತಾದ ಮಾತ್ರಕ್ಕೆ ಮಗು ಸೇಫ್ ಆಗಲ್ಲ. ಏನಾದ್ರೂ ಆದ ಮೊದಲ ಐದು ನಿಮಿಷದಲ್ಲಿ ಯಾರು ಏನ್ ಮಾಡ್ತಾರೆ ಅನ್ನೋದು ಮುಂಚೇನೇ ಹೆಸರು ಸಮೇತ ತೀರ್ಮಾನ ಆಗಿರ್ಬೇಕು, ಒಂದ್ಸಲ ಮಾಡಿ ನೋಡಿರ್ಬೇಕು. ಕೆಳಗಿರೋದನ್ನ ಇದೇ ಕ್ರಮದಲ್ಲೇ ಮಾಡಿ. ತುಂಬಾ ಜನ ಮೂರನೇ ಹಂತದಿಂದ, ಅಂದ್ರೆ ಸೀದಾ ಸ್ಕೂಲಿಗೆ ಹೋಗೋದ್ರಿಂದ ಶುರು ಮಾಡ್ತಾರೆ, ಅದಕ್ಕೇ ಕೆಡುತ್ತೆ.

ಮೊದಲು ಜೋಡಿಸ್ಕೊಳ್ಳಬೇಕಾದ್ದು

ಒಂದು ನೋಟ್‌ಬುಕ್ಕು, ಮಗುವಿನ ಈಗಿನ ತೂಕ (ಹೋದ ವರ್ಷದ್ದು ಬೇಡ, ಔಷಧಿ ಪ್ರಮಾಣ ತೂಕದ ಮೇಲೇ ಇರುತ್ತೆ), ಹತ್ತಿರದಲ್ಲಿ ತೆಗೆದ ಫೋಟೋ, ಎಲ್ಲಾ ಪ್ರಿಸ್ಕ್ರಿಪ್ಷನ್, ಯುಡಿಐಡಿ ಕಾರ್ಡು, ಇದ್ರೆ ಆಯುಷ್ಮಾನ್ ಕಾರ್ಡು, ಕೆಂಪು ಬಣ್ಣದ ಒಂದು ಜಿಪ್ ಪೌಚು (ಎಮರ್ಜೆನ್ಸಿ ಔಷಧಿ ಸ್ಕೂಲಲ್ಲಿ ಇಡೋಕೆ), ಒಂದು ಪರ್ಮನೆಂಟ್ ಮಾರ್ಕರ್. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈ ಕಾಲು ಹಿಡಿತಕ್ಕೆ ಸಿಗದಿರೋದು), ಬುದ್ಧಿಮಾಂದ್ಯತೆ, ಬಹುವಿಕಲತೆ ಇರೋ ಮಕ್ಕಳಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಇನ್ಶೂರೆನ್ಸ್ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಮಾಡಿಸಿಲ್ಲ ಅಂದ್ರೆ ಇದರ ಜೊತೆಗೇ ಮಾಡಿಸ್ಬಿಡಿ.

ಹಂತ 1: ಮನೇಲಿ ಕೂತು ಮಗುವಿನ ದಿನ ಬರೀರಿ

ಒಂದು ವಾರ ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. ಎಷ್ಟೊತ್ತಿಗೆ ಏಳುತ್ತೆ, ಔಷಧಿ ಎಷ್ಟೊತ್ತಿಗೆ, ಊಟ ಹೇಗೆ ಮಾಡುತ್ತೆ, ಎಷ್ಟು ಸಲ ಟಾಯ್ಲೆಟ್‌ಗೆ ಹೋಗುತ್ತೆ, ಯಾವ ಶಬ್ದಕ್ಕೆ ಹೆದರುತ್ತೆ, ಹೆದರಿದ್ರೆ ಓಡುತ್ತಾ ಅಡಗಿ ಕೂರುತ್ತಾ ಕಿರುಚುತ್ತಾ. ನೋವಾದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ ಅನ್ನೋದನ್ನ ಬೇರೆಯಾಗಿ ಬರೀರಿ. ಮಾತಾಡದೇ ಇರೋ ಮಗು ಹೊಟ್ಟೆ ನೋವಿಗೆ ಕೈ ಕಚ್ಕೊಳ್ಳುತ್ತೆ ಅಂತ ಅಮ್ಮನಿಗೆ ಗೊತ್ತು, ಟೀಚರ್‌ಗೆ ಅದು ಹಠ ಮಾಡೋ ಹಾಗೆ ಕಾಣುತ್ತೆ, ಹಾಗಾಗಿ ಈ ಒಂದು ಸಾಲಿಗೆ ಇಡೀ ಫೈಲ್‌ಗಿಂತ ಜಾಸ್ತಿ ಬೆಲೆ ಇದೆ.

ಫಿಟ್ಸ್ ಇದ್ರೆ ಮುಂದಿನ ಸಲ ಬಂದಾಗ ಮನೇಲಿ ಒಬ್ರು ಮಗುನ ನೋಡ್ಕೊಳ್ಳಲಿ, ಇನ್ನೊಬ್ರು ಮೊಬೈಲಲ್ಲಿ ವಿಡಿಯೋ ತೆಗೀಲಿ. ಡಾಕ್ಟರ್‌ಗೂ ಬೇಕಾಗುತ್ತೆ, ಟೀಚರ್‌ಗೆ ತೋರಿಸೋಕೂ ಬೇಕಾಗುತ್ತೆ, ಯಾಕಂದ್ರೆ ಎಲ್ಲಾ ಫಿಟ್ಸಲ್ಲೂ ಕೈ ಕಾಲು ಒದರಲ್ಲ, ಕೆಲವು ಮಕ್ಕಳು ಸುಮ್ನೆ ಶೂನ್ಯ ದೃಷ್ಟಿಯಲ್ಲಿ ನಿಂತ್ಬಿಡ್ತಾರೆ, ತುಟಿ ಚಪ್ಪರಿಸ್ತಾರೆ, ಟೀಚರ್ "ಪಾಠ ಕೇಳ್ತಿಲ್ಲ" ಅಂತ ಬೈತಾರೆ.

ಹಂತ 2: ಡಾಕ್ಟರ್ ಹತ್ರ ಒಂದೇ ಪುಟ, ಕನ್ನಡದಲ್ಲಿ

ಡಾಕ್ಟರ್‌ಗೆ ಪ್ಲಾನ್ ಬರೆದುಕೊಡಿ ಅಂದ್ರೆ ಟೈಮ್ ಇರಲ್ಲ. ನೀವೇ ಬರ್ಕೊಂಡು ಹೋಗಿ, ತಿದ್ದಿಸಿ, ಸಹಿ, ಸೀಲು, ತಾರೀಕು ಹಾಕಿಸ್ಕೊಳ್ಳಿ. ಇಂಗ್ಲಿಷ್ ಬೇಡ. ಎಮರ್ಜೆನ್ಸಿಲಿ ಇದನ್ನ ಓದೋದು ಆಯಾ ಇರಬಹುದು, ಬಿಸಿಯೂಟದ ಅಕ್ಕ ಇರಬಹುದು, ಪಕ್ಕದ ಕ್ಲಾಸಿನ ಟೀಚರ್ ಇರಬಹುದು. ದೊಡ್ಡ ಅಕ್ಷರದಲ್ಲಿ, ಹೀಗೆ:

"ಬೀಳೋ ಥರ ಆದ್ರೆ ಎಡಗಡೆಗೆ ಮಲಗಿಸಿ. ಟೈಮ್ ನೋಡಿ. 5 ನಿಮಿಷ ದಾಟಿದ್ರೆ ಕೆಂಪು ಪೌಚಿನ ಮೂಗಿನ ಸ್ಪ್ರೇ, ಮೂಗಿನ ಒಂದೊಂದು ಹೊಳ್ಳೆಗೆ ___ ಸಲ. ತಕ್ಷಣ 108. ಆಮೇಲೆ ಅಮ್ಮನಿಗೆ ಫೋನ್."

ಖಾಲಿ ಜಾಗದಲ್ಲಿ ಎಷ್ಟು ಸಲ ಅನ್ನೋದನ್ನ ಡಾಕ್ಟರ್ ಅವರ ಕೈಯಿಂದಾನೇ ತುಂಬಲಿ. ನೀವೂ ತುಂಬಬೇಡಿ, ಬೇರೆ ಮಗುವಿನದ್ದು ನೋಡಿ ಅಂತೂ ಬೇಡವೇ ಬೇಡ. ಈ ಮೂಗಿನ ಸ್ಪ್ರೇ ಅಂದ್ರೆ ಫಿಟ್ಸ್ ನಿಲ್ಲಿಸೋ ಮಿಡಾಜೋಲಂ, ಪ್ರಿಸ್ಕ್ರಿಪ್ಷನ್ ಮೇಲೆ ಸಿಗೋ ಔಷಧಿ, ಸ್ಕೂಲಿಗೂ ಒಂದು ಮನೆಗೂ ಒಂದು ಅಂತ ಎರಡು ಬರೆಸ್ಕೊಳ್ಳಿ.

ಈ ಪುಟದಲ್ಲಿ "ಇದನ್ನ ಮಾಡಬೇಡಿ" ಅನ್ನೋ ಭಾಗಾನೂ ಇರ್ಲಿ, ಹೆಚ್ಚು ಅನಾಹುತ ಆಗೋದು ಒಳ್ಳೇ ಮನಸ್ಸಿಂದ ಮಾಡಿದ ತಪ್ಪು ಸಹಾಯದಲ್ಲೇ. ಹೀಮೋಫಿಲಿಯಾ (ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ) ಇರೋ ಮಗುಗೆ ಆಸ್ಪಿರಿನ್ ಕೊಡಬಾರ್ದು, ಸ್ನಾಯುಗೆ ಇಂಜೆಕ್ಷನ್ ಚುಚ್ಚಿಸಬಾರ್ದು, ತಲೆಗೆ ಪೆಟ್ಟಾದ್ರೆ ಊತ ಬರ್ಲಿ ಅಂತ ಕಾಯದೇ ಸೀದಾ ಆಸ್ಪತ್ರೆಗೆ. ಡೌನ್ ಸಿಂಡ್ರೋಮ್ ಮಗುಗೆ ಕತ್ತಿನ ಮೂಳೆ ಬಗ್ಗೆ ಡಾಕ್ಟರ್ ಹೇಳೋ ತನಕ ಪಲ್ಟಿ ಹೊಡೆಸಬಾರ್ದು. ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯು ದಿನೇ ದಿನೇ ಸೋಲೋ ಕಾಯಿಲೆ) ಇರೋ ಮಗುನ ಕಂಕುಳಿಗೆ ಕೈ ಹಾಕಿ ಎತ್ತಬಾರ್ದು, ಭುಜದಲ್ಲಿ ಶಕ್ತಿ ಇರಲ್ಲ, ಜಾರಿಬಿಡ್ತಾರೆ. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚದಿರೋದು) ಇರೋ ಮಕ್ಕಳಲ್ಲಿ ರಬ್ಬರ್ ಅಲರ್ಜಿ ಜಾಸ್ತಿ, ಬರ್ತ್‌ಡೇ ಬಲೂನು, ಫಸ್ಟ್ ಏಡ್ ಬಾಕ್ಸಲ್ಲಿರೋ ರಬ್ಬರ್ ಗ್ಲೌಸ್ ಕೂಡ ಇದರಲ್ಲಿ ಬರುತ್ತೆ.

ಹಂತ 3: ಈಗ ಸ್ಕೂಲಿಗೆ ಹೋಗಿ, ಮೊದಲು ಕ್ಲಾಸ್ ಟೀಚರ್ ಹತ್ರ

ಹೆಡ್‌ಮಾಸ್ಟರ್ ಹತ್ರ ನೇರ ಹೋದ್ರೆ ವಿಷಯ ಅಲ್ಲೇ ನಿಲ್ಲುತ್ತೆ. ಕ್ಲಾಸ್ ಟೀಚರ್ ಹತ್ರ ಬಿಡುವಿನ ಟೈಮ್ ಕೇಳ್ಕೊಂಡು ಹೋಗಿ, ಪುಟ ಕೊಡಿ, ವಿಡಿಯೋ ತೋರಿಸಿ, "ಮಿಸ್, ಇದ್ರಲ್ಲಿ ನಿಮಗೆ ಯಾವುದು ಭಯ ಆಗುತ್ತೆ?" ಅಂತ ಕೇಳಿ. ಅವರ ಭಯ ಹೊರಗೆ ಬರ್ಲಿ, ಅದು ಮುಖ್ಯ. ಎಷ್ಟೋ ಟೀಚರ್‌ಗಳಿಗೆ ಸ್ಪ್ರೇ ಕೊಟ್ಟು ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಅನ್ನೋ ಹೆದರಿಕೆ ಇರುತ್ತೆ. ಡಾಕ್ಟರ್ ಸಹಿ ಇರೋ ಪುಟ, ನಿಮ್ಮ ಒಪ್ಪಿಗೆ ಪತ್ರ ಎರಡೂ ಇದ್ರೆ ಆ ಹೆದರಿಕೆ ಅರ್ಧ ಇಳಿಯುತ್ತೆ.

ಆಮೇಲೆ ಕ್ಲಾಸ್ ಟೀಚರ್ ಜೊತೇಲೇ ಹೆಡ್‌ಮಾಸ್ಟರ್ ಹತ್ರ ಕೂತು ಮೂರು ಹೆಸರು ಬರೆಸಿ: ಮೊದಲು ಓಡಿ ಬರೋರು ಯಾರು, ಅವರು ರಜೆ ಇದ್ರೆ ಯಾರು, ಫೋನ್ ಮಾಡೋರು ಯಾರು. "ಎಲ್ರೂ ನೋಡ್ಕೋತೀವಿ" ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತಾನೇ ತಿಳ್ಕೊಳ್ಳಿ. ಸರ್ಕಾರಿ ಶಾಲೆ ಆದ್ರೆ ಬ್ಲಾಕ್‌ನ ಬಿಐಇಆರ್‌ಟಿ ಟೀಚರ್‌ನೂ (ವಿಕಲಚೇತನ ಮಕ್ಕಳಿಗಂತಲೇ ಇರೋ ಸಂಪನ್ಮೂಲ ಶಿಕ್ಷಕರು) ಕರೆಸಿ, ಎಸ್‌ಡಿಎಂಸಿಯಲ್ಲೂ (ಶಾಲಾಭಿವೃದ್ಧಿ ಸಮಿತಿ) ವಿಷಯ ಇಡಿ, ರ‍್ಯಾಂಪು, ಟಾಯ್ಲೆಟ್ ಹಿಡಿ ಇಂಥ ಕೆಲಸ ಅಲ್ಲಿಂದ ಆಗುತ್ತೆ.

ಸ್ಕೂಲು "ನಮ್ಮಲ್ಲಿ ಆಗಲ್ಲ" ಅಂದ್ರೆ ಜಗಳಕ್ಕೆ ಹೋಗಬೇಡಿ, ಬರವಣಿಗೆಯಲ್ಲಿ ಕೇಳಿ, ಇನ್ನೊಂದು ಕಾಪಿ ಮೇಲೆ ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ್ದು, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳಲ್ಲಿ ಮಗುವಿನ ಅಗತ್ಯಕ್ಕೆ ತಕ್ಕ ವ್ಯವಸ್ಥೆ ಮಾಡ್ಬೇಕು, 8ನೇ ಸೆಕ್ಷನ್ ಅಪಾಯದ ಸಂದರ್ಭದಲ್ಲಿ ಸಮಾನ ರಕ್ಷಣೆ ಬಗ್ಗೆ ಹೇಳುತ್ತೆ. ಪತ್ರಕ್ಕೂ ಉತ್ತರ ಬರ್ದಿದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅಲ್ಲೂ ಆಗ್ದಿದ್ರೆ ಬೆಂಗಳೂರಿನಲ್ಲಿರೋ ವಿಕಲಚೇತನರ ರಾಜ್ಯ ಆಯುಕ್ತರು.

ಹಂತ 4: ಕೆಂಪು ಪೌಚು ಮತ್ತು ಅದು ಇರೋ ಜಾಗ

ಪೌಚಲ್ಲಿ ಏನಿರ್ಬೇಕು ಅನ್ನೋದಕ್ಕಿಂತ ಅದು ಎಲ್ಲಿರುತ್ತೆ ಅನ್ನೋದು ದೊಡ್ಡ ವಿಷಯ. ಬೀರು ಒಳಗಿಟ್ಟು ಬೀಗ ಹಾಕಿ ಕೀ ಹೆಡ್‌ಮಾಸ್ಟರ್ ಜೇಬಲ್ಲಿ, ಹೆಡ್‌ಮಾಸ್ಟರ್ ಮೀಟಿಂಗ್‌ಗೆ ಬಿಇಒ ಆಫೀಸಲ್ಲಿ. ಹೀಗಾಗಬಾರ್ದು. ಕ್ಲಾಸ್ ಬಾಗಿಲ ಹಿಂದೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಮೊಳೆ ಹೊಡೆದು ಪೌಚು ನೇತು ಹಾಕಿ, ದೊಡ್ಡೋರ ಕೈಗೆ ಒಂದೇ ಸಲಕ್ಕೆ ಸಿಗ್ಬೇಕು. ಮಗು ಗ್ರೌಂಡಿಗೆ, ಲ್ಯಾಬಿಗೆ, ಪ್ರಾರ್ಥನೆಗೆ ಹೋದ್ರೆ ಪೌಚೂ ಜೊತೆಗೆ ಹೋಗ್ಬೇಕು. ಪಿಟಿ ಪೀರಿಯಡ್ಡಲ್ಲಿ ಇದು ಮರೆತು ಹೋಗೋದು ತುಂಬಾ ಸಾಮಾನ್ಯ, ಪಿಟಿ ಮೇಷ್ಟ್ರಿಗೆ ನೀವೇ ಹೋಗಿ ಹೇಳಿ.

ಒಳಗೆ: ಲ್ಯಾಮಿನೇಟ್ ಮಾಡಿದ ಪುಟ, ಎಮರ್ಜೆನ್ಸಿ ಔಷಧಿ, ಪ್ರಿಸ್ಕ್ರಿಪ್ಷನ್ ಜೆರಾಕ್ಸು, ಒಂದು ದಿನದ ಮಾಮೂಲಿ ಔಷಧಿ (ಮಳೆಗೋ ಬಂದ್‌ಗೋ ಸ್ಕೂಲಲ್ಲೇ ಸಿಕ್ಕಿಹಾಕ್ಕೊಂಡ್ರೆ ಅಂತ), ಯುಡಿಐಡಿ ಜೆರಾಕ್ಸು, ಕಿವಿ ಮೆಷಿನ್ ಇದ್ರೆ ಬ್ಯಾಟರಿ, ಬೇಕಾದ್ರೆ ಕ್ಯಾತಿಟರ್ (ಮೂತ್ರ ತೆಗೆಯೋ ಕೊಳವೆ), ಡೈಪರ್, ಒಂದು ಜೊತೆ ಬಟ್ಟೆ. ಪೌಚಿನ ಮೇಲೆ ಮಾರ್ಕರಲ್ಲಿ ಮಗುವಿನ ಹೆಸರು, ಔಷಧಿ ಎಕ್ಸ್‌ಪೈರಿ ತಿಂಗಳು ದೊಡ್ಡದಾಗಿ. ಪದೇ ಪದೇ ಒತ್ತೋ ಪಂಪ್ ಥರದ ಸ್ಪ್ರೇ ಹೊಸದಾಗಿದ್ರೆ (ಒಂದೇ ಡೋಸಿನದ್ದಾದ್ರೆ ಹೀಗೆ ಒತ್ತಬೇಡಿ, ಔಷಧಿ ಖಾಲಿಯಾಗುತ್ತೆ) ಮನೇಲೇ ಗಾಳಿಗೆ ಒತ್ತಿ ನೋಡಿ, ಸಣ್ಣ ಮಂಜಿನ ಥರ ಬರ್ಬೇಕು, ಬಂದ ಮೇಲೇ ಪೌಚಿಗೆ. ರಾಯಚೂರು, ಕಲಬುರಗಿ ಕಡೆ ಬಿಸಿಲಿಗೆ ಶೀಟ್ ಹಾಕಿದ ರೂಮು ಕಾದು ಕೆಂಡ ಆಗುತ್ತೆ, ಅಲ್ಲಿ ಪೌಚು ಕಿಟಕಿ ಹತ್ರ ಬೇಡ, ಇನ್ಸುಲಿನ್ ಇದ್ರೆ ಮಣ್ಣಿನ ಮಡಕೆಯಲ್ಲಿ ನೀರಿಟ್ಟು ಅದರೊಳಗೆ ಮುಚ್ಚಿದ ಡಬ್ಬೀಲಿ ಇಡೋ ಏರ್ಪಾಡು ಮಾಡಿ.

ಹಂತ 5: ಫಿಟ್ಸ್‌ನ ಐದು ನಿಮಿಷ, ಟೀಚರ್‌ಗಳ ಜೊತೆ ಮಾಡಿ ತೋರಿಸಿ

ಓದಿ ಹೇಳೋದ್ರಿಂದ ಬರಲ್ಲ. ಒಂದು ದಿಂಬೋ ಒಪ್ಪೋ ಒಂದು ಮಗುವೋ ಇಟ್ಕೊಂಡು ಎಲ್ಲಾ ಸ್ಟಾಫ್ ಮುಂದೆ ಮಾಡಿ.

ಮೊದಲು ಗಡಿಯಾರ. ಬಂದ ಟೈಮ್ ಬೋರ್ಡ್ ಮೇಲೆ ಚಾಕ್‌ಪೀಸಲ್ಲಿ ಬರೀರಿ, ಇದೊಂದು ಅಭ್ಯಾಸ ಆದ್ರೆ ಸಾಕು, ಯಾಕಂದ್ರೆ ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದ ಥರ ಅನ್ಸುತ್ತೆ, ಕೆಲವು ಸಲ ಉಲ್ಟಾನೂ ಆಗುತ್ತೆ. ಸುತ್ತ ಇರೋ ಬೆಂಚು ಸರಿಸಿ, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ, ಟೈ, ಕಾಲರ್ ಸಡಿಲ ಮಾಡಿ, ಕನ್ನಡಕ ತೆಗೀರಿ. ಪಕ್ಕಕ್ಕೆ ತಿರುಗಿಸಿ, ಜೊಲ್ಲು, ವಾಂತಿ ಹೊರಗೆ ಹರಿದು ಹೋಗ್ಲಿ. ಕೈ ಕಾಲು ಅದುಮಿ ಹಿಡಿಬೇಡಿ. ಕಬ್ಬಿಣ ಬೇಡ, ಈರುಳ್ಳಿ ಬೇಡ, ಚಪ್ಪಲಿ ಮೂಸಿಸೋದು ಬೇಡ. ಇವುಗಳಿಂದ ಫಿಟ್ಸ್ ನಿಲ್ಲಲ್ಲ, ಅದು ಹೆಚ್ಚಿನ ಸಲ ತಾನಾಗೇ ಒಂದೆರಡು ನಿಮಿಷದಲ್ಲಿ ನಿಲ್ಲುತ್ತೆ, ಅದಕ್ಕೇ ಜನ ಕಬ್ಬಿಣದಿಂದಲೇ ನಿಲ್ತು ಅಂತ ನಂಬ್ತಾರೆ. ಬಾಯಿಗೆ ಚಮಚ, ಬೆರಳು, ನೀರು, ಮಾತ್ರೆ ಯಾವುದೂ ಹಾಕಬೇಡಿ, ಹಲ್ಲು ಮುರಿದು ಉಸಿರುನಾಳಕ್ಕೆ ಹೋಗುತ್ತೆ.

5 ನಿಮಿಷ ದಾಟಿದ್ರೆ ಪುಟದಲ್ಲಿ ಬರೆದಷ್ಟು ಸ್ಪ್ರೇ, 108ಕ್ಕೆ ಫೋನ್. ಡಾಕ್ಟರ್ ಇದಕ್ಕಿಂತ ಬೇಗ ಕೊಡಿ ಅಂತ ಬರೆದಿದ್ರೆ ಅದೇ ಲೆಕ್ಕ. ಕೊಟ್ಟ ಮೇಲೆ ಎದೆ ಏರಿಳಿಯೋದನ್ನ ನೋಡ್ತಾ ಪಕ್ಕದಲ್ಲೇ ಇರ್ಬೇಕು, ಈ ಔಷಧಿಗೆ ಉಸಿರಾಟ ನಿಧಾನ ಆಗೋ ಸಾಧ್ಯತೆ ಇರುತ್ತೆ. ಕಾಯದೇ ಆಸ್ಪತ್ರೆಗೆ ಹೋಗಬೇಕಾದ ಬೇರೆ ಸಂದರ್ಭ: ಜೀವನದಲ್ಲಿ ಮೊದಲ ಫಿಟ್ಸ್, ಎಚ್ಚರ ಆಗೋಕ್ಕೆ ಮುಂಚೆ ಇನ್ನೊಂದು ಬಂದ್ರೆ, ತುಟಿ ನೀಲಿಯಾಗೇ ಇದ್ರೆ, ತಲೆಗೆ ಏಟಾಗಿದ್ರೆ, ನೀರಲ್ಲಿ ಆಗಿದ್ರೆ.

ನಿಂತ ಮೇಲೆ ಮಗು ಮಂಕಾಗಿರುತ್ತೆ, ಬಟ್ಟೇಲಿ ಮೂತ್ರ ಆಗಿರಬಹುದು. ಉಳಿದ ಮಕ್ಕಳನ್ನ ಶುರುವಲ್ಲೇ ಹೊರಗೆ ಕಳಿಸಿ, ಮಗು ಮೇಲೆ ಒಂದು ದುಪಟ್ಟಾ ಹೊದಿಸಿ. ಒಂದು ಹುಡುಗಿ ಫಿಟ್ಸ್‌ಗೆ ಹೆದರ್ತಾ ಇರ್ಲಿಲ್ಲ, ಎದ್ದಾಗ ಇಡೀ ಕ್ಲಾಸು ಸುತ್ತ ನಿಂತು ನೋಡ್ತಿರ್ತಾರೆ ಅಂತಾನೇ ಸ್ಕೂಲ್ ಬೇಡ ಅಂತಿದ್ಲು.

ಹಂತ 6: ಊಟ, ನೀರು, ಟಾಯ್ಲೆಟ್

ಎಮರ್ಜೆನ್ಸಿ ಅಂದ್ರೆ ಎಲ್ರಿಗೂ ಬೆಂಕಿ, ಫಿಟ್ಸ್ ನೆನಪಾಗುತ್ತೆ, ಆದ್ರೆ ತಟ್ಟೆ ಮುಂದೇನೇ ಅಪಾಯ ಇರೋ ಮಕ್ಕಳು ತುಂಬಾ ಇದ್ದಾರೆ. ಸೆರೆಬ್ರಲ್ ಪಾಲ್ಸಿ ಮಗುಗೆ ಬೆನ್ನು ನೇರ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ನುಂಗಿದ್ದು ನೋಡಿ ಮುಂದಿನ ತುತ್ತು. ನಮ್ಮ ಕಡೆ ಲೋಟ ಎಂಜಲು ಮಾಡ್ದೆ ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿಯೋ ಅಭ್ಯಾಸ ಇದ್ಯಲ್ಲ, ಈ ಮಕ್ಕಳಿಗೆ ಹಾಗೆ ನೀರು ಹುಯ್ಯಲೇಬಾರ್ದು, ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಅವರದ್ದೇ ಬೇರೆ ಲೋಟ ಕಳಿಸಿ. ಬಿಸಿಯೂಟದ ಅನ್ನ ಸಾರು ಚೆನ್ನಾಗಿ ಕಲಸಿ ಮೆತ್ತಗೆ ಮಾಡಿದ್ರೆ ನಡೆಯುತ್ತೆ, ಮೊಟ್ಟೆಯ ಒಣ ಹಳದಿ ಭಾಗ ಗಂಟಲಲ್ಲಿ ಹಿಡ್ಕೊಳ್ಳುತ್ತೆ, ಕಡಲೆಕಾಯಿ ಚಿಕ್ಕಿ ಕೊಡಲೇಬಾರ್ದು, ಬಾಳೆಹಣ್ಣು ಕಿವುಚಿ ಕೊಡಿ. ಇದನ್ನ ಹೆಡ್‌ಮಾಸ್ಟರ್‌ಗಿಂತ ಅಡುಗೆ ಅಕ್ಕನಿಗೆ ಹೇಳಿ. ಫಿಟ್ಸ್‌ಗೆ ಕೀಟೋ ಡಯಟ್‌ನಲ್ಲಿರೋ (ಕೊಬ್ಬು ಜಾಸ್ತಿ, ಅನ್ನ ಸಕ್ಕರೆ ತುಂಬಾ ಕಡಿಮೆ ಇರೋ ಪಥ್ಯ) ಮಗುಗೆ ಪ್ರೀತಿಯಿಂದ ಕೊಟ್ಟ ಒಂದು ಬರ್ತ್‌ಡೇ ಚಾಕೊಲೇಟ್ ಕೂಡ ಡಯಟ್ ಕೆಡಿಸುತ್ತೆ, ಕ್ಲಾಸಿಗೇ ಗೊತ್ತಿರ್ಲಿ.

ವಾರ್ನಿಂಗ್ ಏನು: ಊಟ ಆದ್ಮೇಲೆ ದನಿ ಗೊರಗೊರ ಅನ್ನೋದು, ತಿನ್ನುವಾಗ ಕಣ್ಣಲ್ಲಿ ನೀರು, ಪದೇ ಪದೇ ಕಫ ಜ್ವರ. ಕೆಮ್ಮೋಕೂ ಆಗ್ದೆ ಉಸಿರು ಕಟ್ಟಿದ್ರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮಧ್ಯೆ 5 ಸಲ ಜೋರಾಗಿ ತಟ್ಟಿ, ಹೋಗ್ದಿದ್ರೆ ಹಿಂದಿಂದ ಹಿಡಿದು ಹೊಕ್ಕಳ ಮೇಲ್ಭಾಗ 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ, ಮತ್ತೆ ಮತ್ತೆ ಮಾಡಿ.

ಸ್ಕೂಲಲ್ಲಿ ಕೊಡೋ ಮಾತ್ರೆಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಜಂತುಹುಳು ಮಾತ್ರೆ ದಿನ ನುಂಗೋಕೆ ಕಷ್ಟ ಇರೋ ಮಗುಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ ಅಂತ ಹೇಳಿ. ಫಿಟ್ಸ್‌ಗೆ ಕಾರಣ ಮೆದುಳಲ್ಲಿರೋ ಲಾಡಿಹುಳದ ಗಂಟು ಅಂತ ಡಾಕ್ಟರ್ ಹೇಳಿದ್ರೆ ಆ ಮಾತ್ರೇನ ಅವರನ್ನ ಕೇಳ್ದೆ ಕೊಡೋ ಹಾಗೇ ಇಲ್ಲ.

ಟಾಯ್ಲೆಟ್ ವಿಷಯ ಎಲ್ರೂ ಮುಜುಗರಕ್ಕೆ ಬಿಟ್ಬಿಡ್ತಾರೆ. ವೀಲ್‌ಚೇರಲ್ಲಿರೋ ಹುಡುಗೀರು ಟಾಯ್ಲೆಟ್‌ಗೆ ಹೋಗೋದು ತಪ್ಪಿಸೋಕೆ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಆಮೇಲೆ ಮೂತ್ರದ ಇನ್‌ಫೆಕ್ಷನ್, ಜ್ವರ. ಬಾಟ್ಲಿ ತುಂಬಿದ್ದು ತುಂಬಿದ್ದ ಹಾಗೇ ಮನೆಗೆ ವಾಪಸ್ ಬರ್ತಿದ್ರೆ ಅದೇ ಸೂಚನೆ. ಯಾರು ಕರ್ಕೊಂಡು ಹೋಗ್ತಾರೆ, ಎಷ್ಟು ಗಂಟೆಗೆ ಅಂತ ಬರೆಸಿ, ಹುಡುಗಿಗೆ ಹೆಂಗಸರೇ ಇರ್ಬೇಕು. ಮಗುಗೂ ಹೇಳ್ಕೊಡಿ: ಸ್ಕೂಲಲ್ಲಿ ಹೆಸರು ಬರೆಸಿರೋ ಇವರನ್ನ ಬಿಟ್ಟು ಬೇರೆ ಯಾರೂ ಬಟ್ಟೆ ಬಿಚ್ಚೋ ಹಾಗಿಲ್ಲ, ಯಾರಾದ್ರೂ ಹಾಗೆ ಮಾಡಿದ್ರೆ ಅಮ್ಮನಿಗೆ ಹೇಳ್ಬೇಕು, ಮಾತು ಬರಲ್ಲ ಅಂದ್ರೆ ಚಿತ್ರದ ಕಾರ್ಡ್ ತೋರಿಸ್ಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಟೀಚರ್‌ಗೂ ಗೊತ್ತಿರ್ಲಿ.

ಹಂತ 7: ಬೆಂಕಿ, ಬಾಂಬ್ ಬೆದರಿಕೆ, ಮಳೆ: ಹೊರಗೆ ಕರ್ಕೊಂಡು ಬರೋದು

2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಇಮೇಲ್ ಬಂದು ಮಕ್ಕಳನ್ನೆಲ್ಲಾ ಕ್ಲಾಸಿಂದ ಹೊರಗೆ ಕರ್ಕೊಂಡು ಬಂದ್ರು. ಸುಳ್ಳು ಬೆದರಿಕೆ ಅಂತ ಆಮೇಲೆ ಗೊತ್ತಾಯ್ತು. ಅಂಥ ದಿನ ಮೇಲಿನ ಮಹಡೀಲಿ ವೀಲ್‌ಚೇರ್ ಮಗು ಇದ್ರೆ ಏನ್ ಮಾಡ್ತೀರಿ ಅಂತ ನಿಮ್ಮ ಸ್ಕೂಲಿಗೆ ಕೇಳಿ ನೋಡಿ. ಅತಿ ಸುಲಭದ, ಖರ್ಚಿಲ್ಲದ ಉತ್ತರ ಒಂದಿದೆ: ಆ ಮಗುವಿನ ಇಡೀ ಕ್ಲಾಸನ್ನ ನೆಲಮಹಡಿಗೆ ತರೋದು. ಇದನ್ನ ಜೂನ್ ಮೊದಲ ವಾರ ಕೇಳಿ, ಟೈಮ್‌ಟೇಬಲ್ ಆದ್ಮೇಲೆ ಯಾರೂ ಒಪ್ಪಲ್ಲ.

ಬೆಂಕಿ ಇದ್ದಾಗ ಲಿಫ್ಟ್ ಇಲ್ಲ. ಭಾರದ ಬ್ಯಾಟರಿ ವೀಲ್‌ಚೇರ್ ಅಲ್ಲೇ ಬಿಡಿ, ಮಗುನ ಎತ್ಕೊಳ್ಳಿ. ಇಬ್ರು ದೊಡ್ಡೋರು ಕೈ ಹೆಣೆದು ಕುರ್ಚಿ ಮಾಡಿ ಎತ್ತೋದನ್ನ ಮೆಟ್ಟಿಲ ಮೇಲೆ ಪ್ರಾಕ್ಟೀಸ್ ಮಾಡ್ಲಿ. ಬೆನ್ನಿಗೆ ಆಧಾರ ಬೇಕಾದ ಮಗುಗೆ ಗಟ್ಟಿ ಕುರ್ಚಿ, ಸೊಂಟಕ್ಕೆ ದುಪಟ್ಟಾ ಕಟ್ಟಿ. ಹೇಗೆ ಎತ್ತಿದ್ರೆ ನೋವಾಗಲ್ಲ ಅಂತ ಮಗುವನ್ನೇ ಕೇಳಿ, ಅವರಿಗೆ ಗೊತ್ತಿರುತ್ತೆ. ಮೂಳೆ ಬೇಗ ಮುರಿಯೋ ಕಾಯಿಲೆ ಇದ್ರೆ ಎತ್ತೋದನ್ನ ಫಿಸಿಯೋ ಹತ್ರಾನೇ ಕಲೀಬೇಕು.

ಕಿವಿ ಕೇಳಿಸದ ಮಗು ಟಾಯ್ಲೆಟ್ ಒಳಗಿದ್ರೆ ಬೆಲ್ ಕೇಳಿಸಲ್ಲ. ಒಳಗೆ ಹೋಗಿ ನೋಡೋರು ಯಾರು ಅಂತ ಹೆಸರು ಬೇಕು, ಲೈಟ್ ಆಫ್ ಆನ್ ಮಾಡೋದು ಸಿಗ್ನಲ್ ಅಂತ ಮಗುಗೆ ಕಲಿಸಿ. ಕಣ್ಣು ಕಾಣದ ಮಗುನ ರಟ್ಟೆ ಹಿಡಿದು ಎಳೀಬಾರ್ದು, ನಿಮ್ಮ ಮೊಣಕೈ ಕೊಡಿ, ಎಷ್ಟು ಮೆಟ್ಟಿಲು ಅಂತ ಬಾಯಲ್ಲಿ ಹೇಳಿ, ಅದೇ ದಾರೀನ ಎಲ್ರೂ ಕ್ಲಾಸಲ್ಲಿದ್ದಾಗ ಖಾಲಿ ಕಾರಿಡಾರಲ್ಲಿ ಹತ್ತು ಸಲ ನಡೆಸಿ.

ಆಟಿಸಂ ಮಕ್ಕಳದ್ದೇ ಕಷ್ಟ ಜಾಸ್ತಿ. ಸೈರನ್‌ಗೆ ಕಿವಿ ಮುಚ್ಕೊಂಡು ಬೆಂಚ್ ಕೆಳಗೆ ನುಗ್ತಾರೆ, ಇಲ್ಲಾ ಗೇಟ್ ಕಡೆ ಓಡ್ತಾರೆ. ಮೊದಲ ಡ್ರಿಲ್ಲೇ ಜೋರು ಬೆಲ್ ಜೊತೆ ಮಾಡಬೇಡಿ. ಮೊದಲು ಮೊಬೈಲಲ್ಲಿ ಬೆಲ್ ಶಬ್ದ ರೆಕಾರ್ಡ್ ಮಾಡಿ ಮನೇಲಿ ಸಣ್ಣದಾಗಿ ಕೇಳಿಸಿ, ದಿನಕ್ಕಿಷ್ಟು ಜೋರು ಮಾಡ್ತಾ ಬನ್ನಿ. ಬೆಲ್, ಮಿಸ್ ಕೈ, ಮೆಟ್ಟಿಲು, ಗ್ರೌಂಡ್, ಅಮ್ಮ ಹೀಗೆ ಐದು ಫೋಟೋ ಕಾರ್ಡ್ ಮಾಡಿ, ಅದೇ ಸ್ಕೂಲಿನ ಫೋಟೋಗಳೇ ಆಗ್ಬೇಕು. ಬೆಲ್ ಬಿಟ್ಟು ಬರೀ ಕಾರ್ಡಲ್ಲಿ ಒಂದು ಡ್ರಿಲ್, ಆಮೇಲೆ ಬೆಲ್ ಸಮೇತ. ಅವತ್ತಿನ ದಿನಕ್ಕೆ ಇಯರ್ ಮಫ್ ಕೈಯಲ್ಲಿರ್ಲಿ. ಗೇಟಲ್ಲಿರೋ ವಾಚ್‌ಮನ್‌ಗೆ ಮಗುವಿನ ಫೋಟೋ ಕೊಡಿ. ಡ್ರಿಲ್ ದಿನ "ಇವನು ಬೇಡ, ಪಾಪ ಹೆದರ್ತಾನೆ, ಮನೇಲೇ ಇರ್ಲಿ" ಅನ್ನೋ ಸ್ಕೂಲ್‌ಗಳಿವೆ. ಡ್ರಿಲ್ ಬೇಕಾಗಿರೋದೇ ಆ ಮಗುಗೆ, ದಯವಿಟ್ಟು ಒಪ್ಪಬೇಡಿ.

ಹಂತ 8: ವ್ಯಾನು, ಟ್ರಿಪ್ಪು

ಸ್ಕೂಲ್ ಒಳಗೆ ಎಲ್ಲಾ ಸರಿ ಮಾಡಿ ವ್ಯಾನ್ ಡ್ರೈವರ್‌ನ ಮರೀತಾರೆ. ಅವರ ಹತ್ರಾನೂ ಪುಟದ ಒಂದು ಕಾಪಿ, ದಾರೀಲಿ ಸಿಗೋ ಆಸ್ಪತ್ರೆ ಹೆಸರು ಇರ್ಲಿ. ಫಿಟ್ಸ್ ಬಂದ್ರೆ ಸ್ಪೀಡಾಗಿ ಓಡಿಸೋದು ಬೇಡ, ಪಕ್ಕಕ್ಕೆ ನಿಲ್ಸಿ ಮಗುನ ತಿರುಗಿಸಿ ಮಲಗಿಸ್ಲಿ, 108 ಅಥವಾ 112 ಮಾಡ್ಲಿ. ಟ್ರಿಪ್ ಅಂದ್ರೆ ರಾತ್ರಿ ನಿದ್ದೆಗೆಡೋದು, ಔಷಧಿ ಟೈಮ್ ತಪ್ಪೋದು, ಎರಡೂ ಫಿಟ್ಸ್‌ಗೆ ದಾರಿ. ಔಷಧಿ ಅಲಾರಂ ಟೀಚರ್ ಮೊಬೈಲಲ್ಲೇ ಇಡಿಸಿ.

ಪ್ಲಾನ್ ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ಗುರುತುಗಳು

ಪೌಚು ಎಲ್ಲಿದೆ ಅಂತ ಕೇಳಿದ್ರೆ ಟೀಚರ್ ಹುಡುಕೋಕೆ ಶುರು ಮಾಡೋದು. ಮೂರು ಹೆಸರಲ್ಲಿ ಒಬ್ರಿಗೆ ಟ್ರಾನ್ಸ್‌ಫರ್ ಆಗಿದ್ದು ನಿಮಗೆ ಗೊತ್ತೇ ಇಲ್ದಿರೋದು. ಮಗು ಸ್ಕೂಲ್ ಬೇಡ ಅಂತ ಭಾನುವಾರ ರಾತ್ರಿಯೇ ಅಳೋದು. ತಲೆಯಲ್ಲಿ ಷಂಟ್ (ಮೆದುಳಲ್ಲಿ ತುಂಬೋ ನೀರು ಇಳಿಸೋ ಕೊಳವೆ) ಇರೋ ಮಗು ಬೆಳಿಗ್ಗೆ ವಾಂತಿ ಮಾಡಿ, ತಲೆನೋವು ಅಂದು, ಬೆಂಚ್ ಮೇಲೆ ನಿದ್ದೆ ಮಾಡ್ತಿದ್ರೂ "ಹುಷಾರಿಲ್ಲ ಅನ್ಸುತ್ತೆ" ಅಂತ ಸಂಜೆ ತನಕ ಕೂರಿಸಿರೋದು, ಇದು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ವಿಷಯ. ದಿನಾ ಸ್ಟೀರಾಯ್ಡ್ ತಗೊಳ್ಳೋ ಮಗು ವಾಂತಿ ಮಾಡಿ ಮಾತ್ರೆ ಹೊರಗೆ ಹಾಕಿದ್ರೂ ಅಷ್ಟೇ, ತಕ್ಷಣ ಫೋನ್ ಬರ್ಬೇಕು.

ಪುಟ ಬದಲಾಯಿಸಬೇಕಾದ್ದು ಯಾವಾಗ ಅಂದ್ರೆ ಡಾಕ್ಟರ್ ಔಷಧಿ ಬದಲಾಯಿಸಿದಾಗ, ಮಗುವಿನ ತೂಕ ಏರಿದಾಗ, ಆಪರೇಷನ್ ಆದಾಗ, ಫೋನ್ ನಂಬರ್ ಬದಲಾದಾಗ, ಮತ್ತೆ ಏನೂ ಆಗ್ದಿದ್ರೂ ದಸರಾ ರಜೆ ಮುಗಿದ ವಾರ ಒಂದ್ಸಲ. ಹಳೇ ಪುಟಗಳನ್ನ ಬಾಗಿಲ ಹಿಂದಿಂದ, ಬೀರುವಿಂದ, ವ್ಯಾನಿಂದ ಎಲ್ಲಾ ವಾಪಸ್ ತಗೊಂಡು ಹರಿದು ಹಾಕಿ, ಎರಡು ಥರದ ಪುಟ ಸ್ಕೂಲಲ್ಲಿದ್ರೆ ಗಾಬರಿಯಲ್ಲಿ ಕೈಗೆ ಸಿಗೋದು ಹಳೇದೂ ಆಗಬಹುದು.